ಒತ್ತಕ್ಷರ ಎಣಿಸಿ ಆರಿಸಿದ ಪುಸ್ತಕಗಳು: ಓದಿನ ತರಗತಿಯಲ್ಲಿ ಸ್ಟೋರಿವೀವರ್

ಕಲಬುರಗಿಯ ಒಂದು ಶಾಲೆಯಲ್ಲಿ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದಿ ಬರೆಯಲು ಕಷ್ಟಪಡುವ ಕಲಿಕೆಯ ತೊಂದರೆ, ಇರುವ ಮಕ್ಕಳ ಓದಿನ ತರಗತಿಯನ್ನು ನಡೆಸುವ ಹೊಣೆ ನನ್ನದು. ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಮಕ್ಕಳು ದಿನಕ್ಕೊಂದು ಅವಧಿ ನನ್ನ ಬಳಿ ಬರುತ್ತಾರೆ. ಈ ತರಗತಿಗೆ ಬೇಕಾದ ಓದುವ ಸಾಮಗ್ರಿಯ ಬಹುಪಾಲನ್ನು ನಾನು ಸ್ಟೋರಿವೀವರ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಿಂದ ಆರಿಸಿಕೊಳ್ಳುತ್ತೇನೆ. ಇಂತಹ ಮಕ್ಕಳೊಂದಿಗೆ ಅದನ್ನು ಬಳಸಬೇಕೆಂದಿರುವ ಶಿಕ್ಷಕರಿಗೂ ತಂದೆತಾಯಿಯರಿಗೂ ನೆರವಾಗಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಓದಲು ತಡಬಡಿಸುವ ಮಗುವಿನ ಮುಂದೆ ಕನ್ನಡದ ಸಣ್ಣ ಸಣ್ಣ ಪುಸ್ತಕಗಳನ್ನು ಒಂದರ ಮೇಲೊಂದರಂತೆ, ಖರ್ಚಿನ ಚಿಂತೆಯಿಲ್ಲದೆ ಇಡುತ್ತಾ ಹೋಗಲು ಇದರಷ್ಟು ಒದಗಿಬರುವ ಮತ್ತೊಂದು ಭಂಡಾರವನ್ನು ನಾನು ಕಂಡಿಲ್ಲ. ಆದರೆ ಪುಸ್ತಕದ ಮೇಲಿರುವ ಹಂತದ ಸಂಖ್ಯೆಯನ್ನಷ್ಟೇ ನೋಡಿ ಇಂತಹ ಮಗುವಿಗೆ ಪುಸ್ತಕ ಕೊಡಬಾರದು. ಪುಟ ತೆರೆದು ಒತ್ತಕ್ಷರಗಳನ್ನು ಎಣಿಸಿ ಕೊಡಬೇಕು.

ಸ್ಟೋರಿವೀವರ್ ಪ್ರಥಮ್ ಬುಕ್ಸ್ ಸಂಸ್ಥೆಯದು. ಲಾಭದ ಉದ್ದೇಶವಿಲ್ಲದ ಈ ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆ 2004ರಲ್ಲಿ ಆರಂಭವಾಯಿತು. 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ಅದು ಸ್ಟೋರಿವೀವರ್ ತಾಣವನ್ನು ತೆರೆಯಿತು. ಇಂದು ಅಲ್ಲಿ 300ಕ್ಕೂ ಹೆಚ್ಚು ಭಾಷೆಗಳ ಚಿತ್ರಪುಸ್ತಕಗಳಿವೆ, ಅವುಗಳಲ್ಲಿ ಕನ್ನಡದವೂ ಸಾಕಷ್ಟಿವೆ. ಓದಲು ಹಣ ಕೊಡಬೇಕಾಗಿಲ್ಲ. ಪುಸ್ತಕವನ್ನು ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡು ಮುದ್ರಿಸಬಹುದು. ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ: ಮೊದಲ ಹಂತದಲ್ಲಿ ಪರಿಚಿತ ಪದಗಳಿರುವ, 250 ಪದಗಳೊಳಗಿನ ಕತೆಗಳು, ಎರಡನೆಯದರಲ್ಲಿ 600 ಪದಗಳವರೆಗಿನವು, ಮೂರನೆಯದರಲ್ಲಿ 1500 ಪದಗಳವರೆಗಿನವು, ನಾಲ್ಕನೆಯದರಲ್ಲಿ ಅದಕ್ಕೂ ದೊಡ್ಡವು. ಈ ವಿಂಗಡಣೆ ಎಲ್ಲ ಭಾಷೆಗಳಿಗೂ ಒಂದೇ. ಸಾಮಾನ್ಯ ಓದುಗ ಮಗುವಿಗೆ ಅದು ಸಾಕಾಗುತ್ತದೆ. ನನ್ನ ತರಗತಿಗೆ ಬರುವ ಮಕ್ಕಳಿಗೆ ಏಕೆ ಸಾಕಾಗುವುದಿಲ್ಲ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಅದಕ್ಕೆ ಮೊದಲು ಈ ಮಕ್ಕಳು ಕನ್ನಡವನ್ನು ಹೇಗೆ ಓದುತ್ತಾರೆ ಎಂಬುದನ್ನು ಹೇಳಬೇಕು, ಏಕೆಂದರೆ ಡಿಸ್ಲೆಕ್ಸಿಯಾ ಕುರಿತು ನಮಗೆ ಸಿಗುವ ಬಹುತೇಕ ಮಾಹಿತಿ ಇಂಗ್ಲಿಷ್ ಓದುವ ಮಕ್ಕಳನ್ನು ಕುರಿತದ್ದು. ಇಂಗ್ಲಿಷಿನಲ್ಲಿ ಬರೆದ ಅಕ್ಷರಕ್ಕೂ ಉಚ್ಚಾರಕ್ಕೂ ಹೊಂದಿಕೆ ಕಡಿಮೆಯಾದ್ದರಿಂದ ಮಗು ತಪ್ಪು ತಪ್ಪಾಗಿ ಓದುತ್ತದೆ, ತೊಂದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕನ್ನಡದಲ್ಲಿ ಬರೆದಂತೆ ಓದುವ ಅನುಕೂಲ ಇರುವುದರಿಂದ ನಮ್ಮ ಮಗು ಕೊನೆಗೂ ಸರಿಯಾಗಿಯೇ ಓದಿಬಿಡಬಹುದು. ಆದರೆ ಒಂದು ಸಾಲು ಓದುವಷ್ಟರಲ್ಲಿ ಪಕ್ಕದ ಮಗು ಪುಟ ಮುಗಿಸಿರುತ್ತದೆ. ಸಾಲಿನ ಕೊನೆಗೆ ಬರುವ ಹೊತ್ತಿಗೆ ಸಾಲಿನ ಆರಂಭದಲ್ಲಿ ಏನಿತ್ತು ಎಂಬುದು ಮರೆತುಹೋಗಿರುತ್ತದೆ. ಇದನ್ನು ಕಂಡವರು ಮಗು ಸೋಮಾರಿ ಎನ್ನುತ್ತಾರೆ, ಲಕ್ಷ್ಯ ಕೊಡುವುದಿಲ್ಲ ಎನ್ನುತ್ತಾರೆ. ಬರವಣಿಗೆಯಲ್ಲಿ ತೊಂದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ: ದೀರ್ಘ ಬಿಟ್ಟುಹೋಗುತ್ತದೆ, ಒತ್ತು ಬಿಟ್ಟುಹೋಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ‘ಮ’ ಇರಬೇಕಾದಲ್ಲಿ ‘ಯ’ ಬರುತ್ತದೆ.

ಕನ್ನಡ ಕಲಿಯುವ ಮಗುವಿನ ಮೇಲೆ ಬೀಳುವ ಹೊರೆ ಐವತ್ತು ಅಕ್ಷರಗಳಿಗೆ ನಿಲ್ಲುವುದಿಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತದ ಸಾಲು ಇದೆ, ಅದರ ಮೇಲೆ ಒತ್ತುಗಳಿವೆ. ಮಕ್ಕಳ ಓದಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಕನ್ನಡ ಓದುವ ಮಕ್ಕಳ ಕುರಿತು ಪ್ರಕಟಿಸಿದ ಅಧ್ಯಯನ, ಕನ್ನಡ ಅಕ್ಷರಗಳ ಮೇಲಿನ ಹಿಡಿತ ಇಂಗ್ಲಿಷ್ ಅಕ್ಷರಗಳಿಗಿಂತ ನಿಧಾನವಾಗಿ, ಮೊದಲೆರಡು ತರಗತಿಗಳನ್ನು ದಾಟಿ ಮುಂದಕ್ಕೂ ಬೆಳೆಯುತ್ತಾ ಹೋಗುತ್ತದೆ ಎಂಬುದನ್ನು ತೋರಿಸಿತು. ಯಾವ ತೊಂದರೆಯೂ ಇಲ್ಲದ ಮಗುವಿಗೇ ಹೀಗಾದರೆ, ಡಿಸ್ಲೆಕ್ಸಿಯಾ ಇರುವ ಮಗುವಿಗೆ ಐದನೆಯ ತರಗತಿಯಲ್ಲೂ ಒತ್ತಕ್ಷರಗಳು ಅಡ್ಡಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ಆ ಮಗುವಿಗೆ ಬೇಕಾಗಿರುವುದು ಅಕ್ಷರಭಾರ ಕಡಿಮೆ ಇರುವ ಪುಸ್ತಕ. ಆದರೆ ಅದರ ವಿಷಯ ಹತ್ತು ಹನ್ನೊಂದು ವರ್ಷದ ಮಗುವಿನ ಬುದ್ಧಿಗೆ ತಕ್ಕುದಾಗಿರಬೇಕು. ಈ ಎರಡೂ ಒಟ್ಟಿಗೆ ಸಿಗುವುದು ಬಹಳ ಕಷ್ಟ. ಒಂದನೆಯ ತರಗತಿಯ ಪಠ್ಯಪುಸ್ತಕವನ್ನು ಆರನೆಯ ತರಗತಿಯ ಹುಡುಗನ ಕೈಗೆ ಕೊಟ್ಟರೆ ಅವನು ಅದನ್ನು ಬ್ಯಾಗಿನಡಿಯಲ್ಲಿ ಬಚ್ಚಿಡುತ್ತಾನೆ, ಗೆಳೆಯರ ಎದುರು ತೆರೆಯುವುದಿಲ್ಲ. ಅವನ ಮರ್ಯಾದೆಯ ಪ್ರಶ್ನೆ ಅದು, ಮತ್ತು ಅವನು ಮಾಡುವುದು ಸರಿಯಾಗಿಯೇ ಇದೆ.

ಸ್ಟೋರಿವೀವರ್‌ನ ಅತಿ ದೊಡ್ಡ ಗುಣ ಇಲ್ಲಿ ಕಾಣುತ್ತದೆ. ಇಲ್ಲಿಯ ಮೊದಲ ಎರಡು ಹಂತಗಳ ಪುಸ್ತಕಗಳಲ್ಲಿ ಎಳೆಯ ಮಕ್ಕಳ ಆಟಿಕೆ, ಹಣ್ಣು, ಬಣ್ಣಗಳ ಪುಸ್ತಕಗಳಷ್ಟೇ ಇಲ್ಲ. ಕೀಟಗಳ ಬಗ್ಗೆ, ಆಕಾಶದ ಬಗ್ಗೆ, ಯಂತ್ರ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ, ಮನೆಯೊಳಗಿನ ಜಗಳ ಮತ್ತು ಅಂಜಿಕೆಯ ಬಗ್ಗೆ ಕಡಿಮೆ ಪದಗಳಲ್ಲಿ ಹೇಳುವ ಪುಸ್ತಕಗಳಿವೆ. ಚಿತ್ರಗಳನ್ನು ವೃತ್ತಿಪರ ಕಲಾವಿದರು ಬರೆದಿದ್ದಾರೆ, ದೊಡ್ಡವರೂ ನಿಂತು ನೋಡುವಂತಹ ಚಿತ್ರಗಳಿವೆ. ಪುಟಕ್ಕೆ ಎರಡೇ ಸಾಲು ಇದ್ದರೂ ಆರನೆಯ ತರಗತಿಯ ಹುಡುಗನಿಗೆ ಅದನ್ನು ಹಿಡಿದುಕೊಂಡು ಕೂರಲು ನಾಚಿಕೆಯಾಗುವುದಿಲ್ಲ. ಓದಿನ ತರಗತಿ ನಡೆಸುವವರಿಗೆ ಈ ಒಂದು ಅನುಕೂಲ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು, ಮಗು ತಾನಾಗಿ ಎರಡನೆಯ ಪುಸ್ತಕ ಕೇಳಿದ ದಿನ ಮಾತ್ರ ತಿಳಿಯಬಹುದು.

ಈಗ ಹಂತಗಳ ವಿಷಯಕ್ಕೆ ಬರುತ್ತೇನೆ. ಪದಗಳ ಸಂಖ್ಯೆಯಿಂದ ಕಷ್ಟ ಸುಲಭಗಳನ್ನು ಅಳೆಯುವ ಕ್ರಮ ಕನ್ನಡಕ್ಕೆ ಪೂರ್ತಿ ಹೊಂದುವುದಿಲ್ಲ. ನಾನೇ ಮಾಡಿದ ಎರಡು ವಾಕ್ಯಗಳನ್ನು ಉದಾಹರಣೆಗೆ ನೋಡೋಣ. ‘ಅವನು ಮರದ ಕೆಳಗೆ ಕೂತು ಹಾಡು ಹೇಳಿದ’ ಎಂಬಲ್ಲಿ ಆರು ಪದಗಳಿವೆ, ಒಂದೂ ಒತ್ತಕ್ಷರವಿಲ್ಲ. ‘ಅಜ್ಜಿಯೊಬ್ಬಳು ಸಂಭ್ರಮದಿಂದ ಹಬ್ಬಕ್ಕೆ ಸಿದ್ಧಳಾಗುತ್ತಿದ್ದಳು’ ಎಂಬಲ್ಲಿ ನಾಲ್ಕೇ ಪದಗಳಿವೆ, ಆದರೆ ಎಂಟು ಒತ್ತಕ್ಷರಗಳಿವೆ. ಪದಗಳನ್ನು ಎಣಿಸಿದರೆ ಎರಡನೆಯ ವಾಕ್ಯವೇ ಚಿಕ್ಕದು. ನನ್ನ ತರಗತಿಯ ಮಗುವಿಗೆ ಮೊದಲನೆಯದು ಓದಿ ಮುಗಿಸಬಹುದಾದ ವಾಕ್ಯ, ಎರಡನೆಯದು ಅರ್ಧದಲ್ಲೇ ಕೈಬಿಡುವ ವಾಕ್ಯ. ಕನ್ನಡದ ಪದಗಳು ಪ್ರತ್ಯಯಗಳನ್ನೂ ಸಂಧಿಗಳನ್ನೂ ಸೇರಿಸಿಕೊಂಡು ಉದ್ದವಾಗುವ ಸ್ವಭಾವದವು. ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳಾಗುವ ಮಾತು ಇಲ್ಲಿ ಒಂದೇ ಪದವಾಗಿಬಿಡುತ್ತದೆ. ಆದ್ದರಿಂದ ಬೇರೆ ಭಾಷೆಯಿಂದ ಅನುವಾದವಾಗಿ ಬಂದ ಮೊದಲ ಹಂತದ ಪುಸ್ತಕ ಕನ್ನಡದಲ್ಲಿ ಪದಗಳ ಲೆಕ್ಕಕ್ಕೆ ಇನ್ನಷ್ಟು ಚಿಕ್ಕದಾಗಿ, ಓದಲು ಇನ್ನಷ್ಟು ಕಠಿಣವಾಗಿ ಇರುವುದು ಸಾಧ್ಯ.

ನಮ್ಮ ತರಗತಿಯಲ್ಲಿ ಇದನ್ನು ಮೊದಲು ಸರಿಯಾಗಿ ಗುರುತಿಸಿದವಳು ನಾಲ್ಕನೆಯ ತರಗತಿಯ ಒಬ್ಬ ಹುಡುಗಿ. ಎರಡು ಪುಸ್ತಕಗಳನ್ನು ಮುಂದಿಟ್ಟು ಯಾವುದು ಬೇಕೆಂದು ಕೇಳಿದಾಗ ಅವಳು ಪುಟ ತಿರುವಿ, ಅಕ್ಷರಗಳ ಕೆಳಗೆ ಬೆರಳಾಡಿಸಿ, ‘ಇದ್ರಾಗ ಭಾಳ ಕಾಲ ಅವರೀ ಮೇಡಂ, ಅದು ಕೊಡ್ರಿ’ ಎಂದಳು. ಕಾಲು ಎಂದರೆ ಅವಳ ಲೆಕ್ಕದಲ್ಲಿ ಒತ್ತು. ಅವಳು ಆರಿಸಿದ್ದು ಎರಡನೆಯ ಹಂತದ, ಹೆಚ್ಚು ಪುಟಗಳ ಪುಸ್ತಕ. ಬದಿಗಿಟ್ಟದ್ದು ಮೊದಲ ಹಂತದ್ದು. ಅಂದಿನಿಂದ ನಮ್ಮಲ್ಲಿ ಪುಸ್ತಕ ಆರಿಸುವ ಕೆಲಸ ಕಾಲು ಎಣಿಸುವುದರಿಂದಲೇ ಆರಂಭವಾಗುತ್ತದೆ.

ಎಣಿಸುವಾಗ ಎಲ್ಲ ಒತ್ತಕ್ಷರಗಳನ್ನೂ ಒಂದೇ ತೂಕದಲ್ಲಿ ಎಣಿಸುವುದಿಲ್ಲ. ‘ಅಕ್ಕ’, ‘ಹಗ್ಗ’, ‘ಅಜ್ಜ’, ‘ದೊಡ್ಡ’, ‘ಹಬ್ಬ’ ಮುಂತಾದವುಗಳಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ, ತಲಕಟ್ಟು ಮಾತ್ರ ಇರುವುದಿಲ್ಲ. ಇವು ಬೇಗ ಕೈಗೆ ಬರುತ್ತವೆ. ‘ತ’, ‘ನ’, ‘ಮ’, ‘ಯ’, ‘ರ’, ‘ಲ’ ಇವುಗಳ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಮಗು ಅವುಗಳನ್ನು ಹೊಸ ಗುರುತುಗಳಾಗಿಯೇ ಕಲಿಯಬೇಕು. ‘ಪುಸ್ತಕ’, ‘ಚಂದ್ರ’ದಂತಹ ವಿಜಾತೀಯ ಒತ್ತಕ್ಷರಗಳಲ್ಲಿ ಎರಡು ಬೇರೆ ಬೇರೆ ಸದ್ದುಗಳನ್ನು ಒಂದೇ ಉಸಿರಿನಲ್ಲಿ ಕೂಡಿಸಬೇಕು, ಆದ್ದರಿಂದ ಅವು ಇನ್ನೂ ಮುಂದಿನ ಮೆಟ್ಟಿಲು. ಕೊನೆಯದಾಗಿ ಅರ್ಕಾವೊತ್ತು. ‘ಸೂರ್ಯ’ ಎಂಬ ಪದದಲ್ಲಿ ‘ರ’ಕಾರದ ಸದ್ದು ‘ಯ’ಕ್ಕಿಂತ ಮೊದಲು ಬರುತ್ತದೆ, ಅದರ ಗುರುತು ಮಾತ್ರ ‘ಯ’ದ ನಂತರ ಕೂರುತ್ತದೆ. ಎಡದಿಂದ ಬಲಕ್ಕೆ ಒಂದೊಂದನ್ನೇ ಕೂಡಿಸಿಕೊಂಡು ಓದಬೇಕೆಂದು ನಾವೇ ಕಲಿಸಿದ ಮಗು ಅದನ್ನು ‘ಸೂಯರ್’ ಎಂದು ಓದುತ್ತದೆ. ತಾನು ಕಲಿತ ನಿಯಮವನ್ನು ಅದು ಚಾಚೂ ತಪ್ಪದೆ ಪಾಲಿಸಿರುತ್ತದೆ. ಅಂತಹ ಹೊತ್ತಿನಲ್ಲಿ ‘ತಪ್ಪು’ ಎಂದು ಗದರುವ ಶಿಕ್ಷಕರು ಆ ಮಗುವಿನ ಎಷ್ಟೋ ದಿನಗಳ ದುಡಿಮೆಯನ್ನು ಒಂದು ಮಾತಿನಲ್ಲಿ ಹಾಳುಮಾಡುತ್ತಾರೆ. ನಾವು ಪುಸ್ತಕಗಳನ್ನು ಈ ನಾಲ್ಕು ಬಗೆಗಳಿಗೆ ಅನುಸಾರವಾಗಿ ಗುಂಪು ಮಾಡಿ, ರಕ್ಷಾಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಡುತ್ತೇವೆ. ತಾಣದ ಹಂತದ ಸಂಖ್ಯೆ ಹಾಗೆಯೇ ಇರುತ್ತದೆ, ಅದರ ಪಕ್ಕದಲ್ಲಿ ನಮ್ಮ ಗುರುತೂ ಇರುತ್ತದೆ.

ಒಂದೂ ಒತ್ತಕ್ಷರವಿಲ್ಲದ ಕನ್ನಡ ಪುಸ್ತಕ ಸಿಗುವುದು ಅಪರೂಪ. ಭಾಷೆಯ ರಚನೆಯೇ ಅದಕ್ಕೆ ಕಾರಣ: ‘ಅಲ್ಲಿ’, ‘ಇಲ್ಲ’, ‘ಇದ್ದ’, ‘ಮನೆಯಲ್ಲಿ’, ‘ದೂರಕ್ಕೆ’ ಎಂಬಂತಹ ದಿನಬಳಕೆಯ ರೂಪಗಳಲ್ಲೇ ಒತ್ತುಗಳು ಅಡಗಿವೆ. ಹೆಚ್ಚಿನ ಭಾರ ಬರುವುದು ಕ್ರಿಯಾಪದಗಳಿಂದ. ‘ಓಡಿದ’ ಎಂಬುದರಲ್ಲಿ ಒತ್ತಿಲ್ಲ. ‘ಓಡುತ್ತಿದ್ದಾನೆ’ ಎಂಬುದರಲ್ಲಿ ಎರಡಿವೆ. ಕತೆಯನ್ನು ಭೂತಕಾಲದಲ್ಲಿ ಹೇಳಿದ ಪುಸ್ತಕ ನಮ್ಮ ಮಕ್ಕಳಿಗೆ ಸಲೀಸಾಗಿ ಸಾಗುತ್ತದೆ, ಚಿತ್ರ ನೋಡಿ ‘ಓಡುತ್ತಿದ್ದಾನೆ, ನೋಡುತ್ತಿದ್ದಾನೆ, ನಗುತ್ತಿದ್ದಾನೆ’ ಎಂದು ವಿವರಿಸುವ ಪುಸ್ತಕ ಪ್ರತಿ ಸಾಲಿನಲ್ಲೂ ತಡೆಯುತ್ತದೆ. ಅದರ ಜೊತೆಗೆ, ನಮ್ಮ ಭಾಗದ ಮಗು ಮನೆಯಲ್ಲಿ ‘ಓಡ್ಲಾಕತ್ತಾನ’ ಎನ್ನುತ್ತದೆ. ಪುಸ್ತಕದ ರೂಪ ಅದರ ಕಿವಿಗೂ ಹೊಸದು, ಕಣ್ಣಿಗೂ ಹೊಸದು. ಅನುವಾದಕರು ಯಾವ ಕಾಲವನ್ನು ಆರಿಸಿಕೊಂಡರು ಎಂಬ ಚಿಕ್ಕ ಸಂಗತಿ ಇಲ್ಲಿ ಮಗು ಓದುತ್ತದೋ ಇಲ್ಲವೋ ಎಂಬುದನ್ನೇ ನಿರ್ಧರಿಸುತ್ತದೆ.

ಈ ತೊಡಕಿಗೆ ಪರಿಹಾರವೂ ಅದೇ ತಾಣದಲ್ಲಿದೆ, ಮತ್ತು ನಾನು ಇದನ್ನು ಇಷ್ಟು ಮೆಚ್ಚಲು ಮುಖ್ಯ ಕಾರಣ ಅದೇ. ಇಲ್ಲಿಯ ಬಹುತೇಕ ಪುಸ್ತಕಗಳು ಕ್ರಿಯೇಟಿವ್ ಕಾಮನ್ಸ್‌ನ ಮುಕ್ತ ಪರವಾನಗಿಯಲ್ಲಿವೆ. ಅಂದರೆ ಪುಸ್ತಕವನ್ನು ನಕಲು ಮಾಡಬಹುದು, ಹಂಚಬಹುದು, ಅನುವಾದಿಸಬಹುದು, ಬದಲಾಯಿಸಲೂಬಹುದು. ಮೂಲ ಲೇಖಕರ, ಚಿತ್ರಕಾರರ, ಅನುವಾದಕರ ಹೆಸರನ್ನು ತಪ್ಪದೆ ಹಾಕಬೇಕು, ಬದಲಾವಣೆ ಮಾಡಿದ್ದರೆ ಅದನ್ನೂ ತಿಳಿಸಬೇಕು. ತಾಣದಲ್ಲೇ ಕತೆಯೊಂದನ್ನು ಬೇರೆ ಹಂತಕ್ಕೆ ಇಳಿಸಿ ಅಥವಾ ಏರಿಸಿ ಬರೆಯುವ ಸೌಲಭ್ಯ ಇದೆ, ರೀಲೆವೆಲ್ ಎಂದು ಅದರ ಹೆಸರು. ಸಾಮಾನ್ಯ ಪ್ರಕಾಶಕರ ಪುಸ್ತಕವೊಂದನ್ನು ಹೀಗೆ ಬದಲಾಯಿಸಿ ಮುದ್ರಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. ಇಲ್ಲಿ ಶಿಕ್ಷಕರಿಗೆ ಆ ಅಧಿಕಾರವನ್ನು ಮೊದಲೇ ಕೊಟ್ಟಿದ್ದಾರೆ. ನಾವು ‘ಓಡುತ್ತಿದ್ದಾನೆ’ಯನ್ನು ‘ಓಡಿದ’ ಎಂದು ಮಾಡುತ್ತೇವೆ, ‘ಅಜ್ಜಿಯೊಬ್ಬಳು’ ಎಂಬುದನ್ನು ‘ಒಬ್ಬ ಅಜ್ಜಿ’ ಎಂದು ಬಿಡಿಸುತ್ತೇವೆ, ‘ಇಷ್ಟವಿಲ್ಲವೆಂದು’ ಎಂಬುದನ್ನು ‘ಬೇಡ ಎಂದು’ ಎಂದು ಬರೆಯುತ್ತೇವೆ. ಕತೆ ಅದೇ, ಚಿತ್ರ ಅದೇ. ಮಗುವಿಗೆ ಕೊನೆಯ ಪುಟ ಮುಟ್ಟಲು ಸಾಧ್ಯವಾಗುತ್ತದೆ. ಮುಂದಿನ ತಿಂಗಳುಗಳಲ್ಲಿ ಅದೇ ಮಗುವಿಗೆ ಮೂಲ ಪುಸ್ತಕವನ್ನೇ ಕೊಟ್ಟರೆ ಕತೆ ಗೊತ್ತಿರುವುದರಿಂದ ಕಠಿಣ ಪದಗಳನ್ನು ಊಹಿಸಿ, ಆಮೇಲೆ ಅಕ್ಷರ ನೋಡಿ ಖಚಿತಪಡಿಸಿಕೊಳ್ಳುತ್ತದೆ.

ಬದಲಾವಣೆ ಮಾಡುವಾಗ ಊರಿನ ಮಾತನ್ನೂ ಗಮನದಲ್ಲಿಡುತ್ತೇವೆ. ಪುಸ್ತಕದಲ್ಲಿ ‘ಈರುಳ್ಳಿ’ ಎಂದಿದ್ದರೆ ನಮ್ಮ ಮಗುವಿಗೆ ಅದು ಓದಿದರೂ ಅರ್ಥವಾಗದ ಪದ, ‘ಉಳ್ಳಾಗಡ್ಡಿ’ ಎಂದರೆ ಕೂಡಲೇ ತಿಳಿಯುತ್ತದೆ. ‘ಕಡಲೆಕಾಯಿ’ಗೆ ‘ಶೇಂಗಾ’, ‘ತಿಂಡಿ’ಗೆ ‘ನಾಷ್ಟಾ’ ಎಂದು ಬರೆಯುತ್ತೇವೆ. ‘ಉಳ್ಳಾಗಡ್ಡಿ’ಯಲ್ಲಿ ಎರಡು ಒತ್ತಕ್ಷರಗಳಿದ್ದರೂ ಮಗು ಮೊದಲಕ್ಷರ ನೋಡುತ್ತಲೇ ಪದವನ್ನು ಹಿಡಿಯುತ್ತದೆ, ಏಕೆಂದರೆ ಅದು ದಿನವೂ ಬಾಯಲ್ಲಿ ಬರುವ ಪದ, ಎಣಿಕೆಯ ನಿಯಮಕ್ಕೆ ಇದೊಂದು ವಿನಾಯಿತಿ. ಪ್ರಮಾಣ ಕನ್ನಡವನ್ನು ಕಲಿಸಬಾರದು ಎಂದು ನನ್ನ ವಾದವಲ್ಲ, ಪರೀಕ್ಷೆ ಬರೆಯಬೇಕಾದದ್ದು ಅದರಲ್ಲೇ. ಆದರೆ ಅಕ್ಷರ ಬಿಡಿಸುವ ಕಷ್ಟ ಮತ್ತು ಪದವೇ ತಿಳಿಯದ ಕಷ್ಟ ಎರಡನ್ನೂ ಒಂದೇ ಸಾಲಿನಲ್ಲಿ ಮಗುವಿನ ತಲೆಯ ಮೇಲೆ ಹೇರಬಾರದು.

ಮುದ್ರಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪರದೆಯ ಮೇಲಿನ ಪುಸ್ತಕಕ್ಕಿಂತ ಕಾಗದದ ಪುಸ್ತಕ ನಮ್ಮ ಮಕ್ಕಳಿಗೆ ಅನುಕೂಲ, ಏಕೆಂದರೆ ಅವರು ಬೆರಳಿಟ್ಟು ಓದುತ್ತಾರೆ. ಫೋನಿನ ಪರದೆಯ ಮೇಲೆ ಬೆರಳಿಟ್ಟರೆ ಪುಟವೇ ತಿರುಗಿಬಿಡುತ್ತದೆ. ಮಕ್ಕಳು ಪುಸ್ತಕವನ್ನು ಮನೆಗೆ ಒಯ್ಯಬೇಕು, ಅಜ್ಜಿಗೆ ಓದಿ ತೋರಿಸಬೇಕು. ಹಾಗಾಗಿ ನಾವು ಪಿಡಿಎಫ್ ಇಳಿಸಿಕೊಂಡು ಎ4 ಹಾಳೆಯಲ್ಲಿ ಮುದ್ರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸುತ್ತೇವೆ. ಬಣ್ಣದ ಮುದ್ರಣ ದುಬಾರಿಯಾದ್ದರಿಂದ ಕಪ್ಪುಬಿಳುಪಿನಲ್ಲೇ ಹೆಚ್ಚು ಮುದ್ರಿಸುತ್ತೇವೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಚಿತ್ರದ ಮೇಲೆಯೇ ಅಕ್ಷರಗಳು ಬಂದಿರುವ ಪುಟಗಳು ಬಣ್ಣದಲ್ಲಿ ಚೆನ್ನಾಗಿ ಕಂಡರೂ ಕಪ್ಪುಬಿಳುಪಿನಲ್ಲಿ ಮಸುಕಾಗುತ್ತವೆ, ಒತ್ತುಗಳು ಚಿತ್ರದ ಗೆರೆಗಳಲ್ಲಿ ಸೇರಿಹೋಗುತ್ತವೆ. ಅಂತಹ ಪುಸ್ತಕಗಳ ಪಠ್ಯವನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿ ಚಿತ್ರದ ಎದುರು ಪುಟದಲ್ಲಿ ಇಡುವುದು ಒಳ್ಳೆಯದು. ಹೀಗೆ ಟೈಪ್ ಮಾಡಿದ ಹಾಳೆಗಳನ್ನು ಒಮ್ಮೆ ನಗರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಲು ಕೊಟ್ಟಾಗ, ಅಲ್ಲಿಯ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಅಕ್ಷರಶೈಲಿ ಇಲ್ಲದೆ ಒತ್ತುಗಳೆಲ್ಲ ಅಕ್ಷರದಿಂದ ಕಳಚಿ ಪಕ್ಕದಲ್ಲಿ ನಿಂತು ಮುದ್ರಣವಾದವು. ಅದನ್ನು ಓದಬಲ್ಲ ಮಗು ನಮ್ಮ ತರಗತಿಗೆ ಬರಬೇಕಾಗಿಯೇ ಇರುತ್ತಿರಲಿಲ್ಲ. ಕಡತವನ್ನು ಶಾಲೆಯಲ್ಲೇ ಪಿಡಿಎಫ್ ಮಾಡಿ ಒಯ್ದರೆ ಈ ತೊಂದರೆ ಬರುವುದಿಲ್ಲ.

ಅಕ್ಷರದ ಗಾತ್ರಕ್ಕಿಂತಲೂ ಅಂತರ ಮುಖ್ಯ. ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅಕ್ಷರಗಳ ನಡುವೆ ಹೆಚ್ಚು ಅಂತರ ಬಿಟ್ಟರೆ ಡಿಸ್ಲೆಕ್ಸಿಯಾ ಇರುವ ಮಕ್ಕಳ ಓದು ಸುಧಾರಿಸುತ್ತದೆ ಎಂದು ತೋರಿಸಿದೆ. ಕನ್ನಡದಲ್ಲಿ ಇದರ ಜೊತೆಗೆ ಸಾಲುಗಳ ನಡುವಿನ ಅಂತರವನ್ನೂ ನೋಡಬೇಕು: ಮೇಲಿನ ಸಾಲಿನ ಒತ್ತುಗಳು ಕೆಳಗಿಳಿಯುತ್ತವೆ, ಕೆಳಗಿನ ಸಾಲಿನ ಗುಡಿಸು ಮತ್ತು ಏತ್ವಗಳು ಮೇಲಕ್ಕೇರುತ್ತವೆ, ಸಾಲುಗಳು ಒತ್ತಾಗಿದ್ದರೆ ಯಾವ ಗುರುತು ಯಾವ ಸಾಲಿನದು ಎಂಬುದೇ ಗೊಂದಲವಾಗುತ್ತದೆ. ನಾವು ಎರಡು ಸಾಲುಗಳ ನಡುವೆ ಒಂದಿಡೀ ಸಾಲಿನಷ್ಟು ಜಾಗ ಬಿಡುತ್ತೇವೆ, ಅಷ್ಟರಿಂದಲೇ ಕೆಲವು ಮಕ್ಕಳ ಓದಿನಲ್ಲಿ ವ್ಯತ್ಯಾಸ ಕಂಡಿದೆ. ಬಣ್ಣದ ಪಾರದರ್ಶಕ ಹಾಳೆಗಳನ್ನು ಪುಟದ ಮೇಲಿಟ್ಟು ಓದಿಸಿದರೆ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎಂದು ಮಾರುವವರೂ ಇದ್ದಾರೆ. ಆ ಮಾತಿಗೆ ಗಟ್ಟಿಯಾದ ಆಧಾರವಿಲ್ಲ, ತಂದೆತಾಯಿಯರು ಆ ಹಣವನ್ನು ಉಳಿಸಿ ಪುಸ್ತಕ ಮುದ್ರಿಸಲು ಬಳಸುವುದು ಮೇಲು.

ಕೆಲವು ಪುಸ್ತಕಗಳಿಗೆ ಓದುವ ಧ್ವನಿಯೂ ಇದೆ. ಧ್ವನಿ ಸಾಗಿದಂತೆ ಪರದೆಯ ಮೇಲೆ ಆಯಾ ಪದ ಬಣ್ಣಗೂಡುತ್ತದೆ. ಇಂತಹ ಪುಸ್ತಕಗಳು ಒಟ್ಟು ಸಂಗ್ರಹದಲ್ಲಿ ಸ್ವಲ್ಪವೇ ಇವೆ, ಇನ್ನಷ್ಟು ಬರಬೇಕೆಂದು ನನ್ನ ಆಸೆ. ಇದನ್ನು ಬಳಸುವಾಗ ಒಂದು ಕ್ರಮ ಇಟ್ಟುಕೊಳ್ಳಬೇಕು. ಮಗು ಮೊದಲು ಕೇಳಲಿ, ಆಮೇಲೆ ಧ್ವನಿಯ ಜೊತೆಗೆ ಓದಲಿ, ಕೊನೆಗೆ ಧ್ವನಿ ನಿಲ್ಲಿಸಿ ತಾನೇ ಓದಲಿ. ಮೊದಲ ಹೆಜ್ಜೆಯಲ್ಲೇ ನಿಲ್ಲಿಸಿದರೆ ಮಗು ಕತೆಯನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತದೆ, ಅದನ್ನು ಓದು ಎಂದು ನಾವು ನಂಬಿಬಿಡುವ ಅಪಾಯ ಇದೆ. ಪರೀಕ್ಷಿಸುವುದು ಸುಲಭ: ಕತೆಯ ನಡುವಿನ ಒಂದು ಪದವನ್ನು ಬೇರೆ ಚೀಟಿಯಲ್ಲಿ ಬರೆದು ತೋರಿಸಬೇಕು.

ಸ್ಟೋರಿವೀವರ್ ಓದನ್ನು ಕಲಿಸುವ ಪಾಠಕ್ರಮವಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಂಡಿರಬೇಕು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಸದ್ದು ಮತ್ತು ಅಕ್ಷರಗಳ ಸಂಬಂಧವನ್ನು ಕ್ರಮವಾಗಿ, ಬಿಡಿಬಿಡಿಯಾಗಿ, ಕಣ್ಣು ಕಿವಿ ಕೈ ಮೂರನ್ನೂ ಬಳಸಿ, ಮತ್ತೆ ಮತ್ತೆ ಕಲಿಸಬೇಕಾಗುತ್ತದೆ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಣತಜ್ಞೆ ಅನ್ನಾ ಗಿಲ್ಲಿಂಗ್‌ಹ್ಯಾಮ್ ಅವರಿಂದ ಬಂದ ಪದ್ಧತಿಯ ತಿರುಳು ಇದೇ, ಅದನ್ನು ಕನ್ನಡಕ್ಕೆ ಒಗ್ಗಿಸಿಕೊಳ್ಳಬಹುದು. ನಮ್ಮ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’, ‘ಜ ವ ಮ ಬ ನ’ ಎಂಬ ಗುಂಪುಗಳಲ್ಲಿ ಅಕ್ಷರ ಕಲಿಸುವ ಕ್ರಮ ಇದೆಯಲ್ಲ, ಅದು ನಮಗೆ ಒಳ್ಳೆಯ ಬುನಾದಿ. ನಾಲ್ಕೈದು ಅಕ್ಷರ ಬಂದ ಕೂಡಲೇ ಮಗು ‘ಸರ’, ‘ಅರಸ’ ಎಂದು ಪದ ಕಟ್ಟಲು ತೊಡಗುತ್ತದೆ. ನಮ್ಮ ಅವಧಿಯ ಮೊದಲರ್ಧ ಈ ಕೆಲಸಕ್ಕೇ ಮೀಸಲು: ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಯುವುದು, ಕಾಗುಣಿತದ ಚೀಟಿಗಳನ್ನು ಕೂಡಿಸುವುದು, ಒತ್ತನ್ನು ಬೇರೆ ಬಣ್ಣದಲ್ಲಿ ಬರೆಯುವುದು. ಪುಸ್ತಕ ಬರುವುದು ಉಳಿದರ್ಧದಲ್ಲಿ, ಆ ವಾರ ಕಲಿತ ಅಕ್ಷರಗಳು ಹೆಚ್ಚಾಗಿರುವ ಪುಸ್ತಕವೇ ಬರುತ್ತದೆ. ಮೊದಲರ್ಧವನ್ನು ಬಿಟ್ಟು ಬರೀ ಪುಸ್ತಕ ಕೊಟ್ಟರೆ ಮಗು ಚಿತ್ರ ನೋಡಿ ಊಹೆಯಿಂದ ಓದುವುದನ್ನು ರೂಢಿಸಿಕೊಳ್ಳುತ್ತದೆ.

ಕಲಿಸುವ ಕೆಲಸಕ್ಕೆ ಬದಲಿಯಲ್ಲ ಎಂಬ ಇದೇ ಮಾತು, ಮಗುವಿಗೆ ಡಿಸ್ಲೆಕ್ಸಿಯಾ ಇದೆ ಎಂದು ಕೊಡುವ ಪ್ರಮಾಣಪತ್ರಕ್ಕೂ ಸಲ್ಲುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮುಂತಾದ ಅನುಕೂಲಗಳು ಮಗುವಿನ ಹಕ್ಕು, ತಂದೆತಾಯಿಯರು ಸಂಕೋಚ ಬಿಟ್ಟು ಪಡೆಯಬೇಕು. ಆದರೆ ಪ್ರಮಾಣಪತ್ರ ಕೈಗೆ ಬಂದಮೇಲೆ ಓದಿಸುವುದನ್ನು ನಿಲ್ಲಿಸುವ ಮನೆಗಳೂ ಇವೆ, ಅದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

ತಾಣದಲ್ಲಿ ಯಾರು ಬೇಕಾದರೂ ಕತೆ ಬರೆದು, ಅನುವಾದಿಸಿ ಪ್ರಕಟಿಸಬಹುದಾದ್ದರಿಂದ ಗುಣಮಟ್ಟ ಎಲ್ಲೆಡೆ ಒಂದೇ ಸಮನಾಗಿರಲು ಸಾಧ್ಯವಿಲ್ಲ. ಶಿಕ್ಷಕರು ಪೂರ್ತಿ ಓದದೆ ಯಾವ ಪುಸ್ತಕವನ್ನೂ ಮಕ್ಕಳಿಗೆ ಕೊಡಬಾರದು. ಅದೇ ಮುಕ್ತತೆ ಮಕ್ಕಳನ್ನೇ ಲೇಖಕರನ್ನಾಗಿಯೂ ಮಾಡುತ್ತದೆ. ತಾಣದ ಚಿತ್ರಸಂಗ್ರಹದಿಂದ ಚಿತ್ರಗಳನ್ನು ಆರಿಸಿ ಅದಕ್ಕೆ ತಮ್ಮ ಮಾತು ಬರೆಯಬಹುದು. ತಾಂಡಾದಿಂದ ಬರುವ ಒಬ್ಬ ಹುಡುಗ, ಓದಲು ಕರೆದರೆ ಗೋಡೆ ನೋಡುತ್ತಾ ನಿಲ್ಲುತ್ತಿದ್ದವನು, ತಮ್ಮ ಹೊಲದ ತೊಗರಿ ರಾಶಿಯ ಕತೆಯನ್ನು ಹೇಳುತ್ತಾ ಹೋದ, ನಾನು ಬರೆದುಕೊಂಡೆ. ಮನೆಯಲ್ಲಿ ಲಂಬಾಣಿ ಆಡುವ ಅವನ ಕನ್ನಡ ಚಿಕ್ಕ ಚಿಕ್ಕ ವಾಕ್ಯಗಳದು: ‘ಅಪ್ಪ ತೊಗರಿ ಕೊಯ್ದ. ಅವ್ವ ಕಟ್ಟು ಹೊತ್ತಳು. ನಾನು ನಾಯಿ ಜೋಡಿ ಕಾವಲು ಕೂತೆ.’ ಅದನ್ನೇ ಎಂಟು ಪುಟಗಳಾಗಿ ಹಂಚಿ, ದೊಡ್ಡಕ್ಷರದಲ್ಲಿ ಮುದ್ರಿಸಿ, ಅವನ ಹೆಸರು ಹಾಕಿ ಕೊಟ್ಟಾಗ ಅವನು ಅದನ್ನು ತರಗತಿಯ ಎದುರು ನಿಂತು ಓದಿದ. ‘ಕೊಯ್ದ’ ಎಂಬಲ್ಲಿ ತಡೆದ. ‘ಗಡಬಡಿ ಮಾಡಬ್ಯಾಡಪ್ಪ, ನೀನೇ ಹೇಳಿದ್ದು ಅದು’ ಎಂದೆ. ಪುಟದ ಮೇಲಿನ ಬೆರಳನ್ನು ಎತ್ತದೆಯೇ ಅವನು ಆ ಪದವನ್ನು ಬಿಡಿಸಿ ಓದಿ ಮುಂದೆ ಹೋದ. ಆ ಪುಸ್ತಕ ಈಗ ನಮ್ಮ ಮೊದಲ ಗುಂಪಿನ ಪುಸ್ತಕಗಳಲ್ಲಿ ಒಂದಾಗಿದೆ, ಬೇರೆ ಮಕ್ಕಳೂ ಕೇಳಿ ಪಡೆಯುತ್ತಾರೆ.

ಐದರಲ್ಲಿ ಅಂಕ ಕೊಡಬೇಕೆಂದರೆ ನಾಲ್ಕು ಕೊಡುತ್ತೇನೆ. ಕನ್ನಡ ಪುಸ್ತಕಗಳನ್ನು ಒತ್ತಕ್ಷರದ ಭಾರಕ್ಕೆ ಅನುಸಾರವಾಗಿ ಹುಡುಕುವ ಅನುಕೂಲ ಬಂದರೆ ಉಳಿದ ಒಂದು ಅಂಕವನ್ನೂ ಸಂತೋಷದಿಂದ ಕೊಡಬಹುದು. ಆರಂಭಿಸುವವರು ಒಮ್ಮೆಲೇ ನೂರಾರು ಪುಸ್ತಕ ಇಳಿಸಿಕೊಳ್ಳಬೇಕಾಗಿಲ್ಲ. ನೆಟ್‌ವರ್ಕ್ ಚೆನ್ನಾಗಿರುವ ಹೊತ್ತಿನಲ್ಲಿ ಮೊದಲ ಎರಡು ಹಂತಗಳಿಂದ ಕೆಲವು ಪುಸ್ತಕಗಳನ್ನು ಇಳಿಸಿ, ಪುಟಕ್ಕೆ ಎಷ್ಟು ಒತ್ತುಗಳಿವೆ, ಯಾವ ಬಗೆಯವು ಎಂದು ಬರೆದಿಟ್ಟುಕೊಂಡರೆ ಸಾಕು. ಪಟ್ಟಿ ತಾನಾಗಿ ಬೆಳೆಯುತ್ತದೆ. ಬೀದರ್ ಮತ್ತು ಯಾದಗಿರಿ ಕಡೆಯ ಶಿಕ್ಷಕರಿಗೆ ಇನ್ನೊಂದು ಅನುಕೂಲ ಇದೆ: ಒಂದೇ ಕತೆ ಅನೇಕ ವೇಳೆ ಉರ್ದು, ಮರಾಠಿ, ತೆಲುಗು ಭಾಷೆಗಳಲ್ಲೂ ಸಿಗುತ್ತದೆ. ಮನೆಯಲ್ಲಿ ಆ ಭಾಷೆ ಆಡುವ ಮಗುವಿಗೆ ಮೊದಲು ಅದರಲ್ಲಿ ಕತೆಯನ್ನು ಓದಿ ಹೇಳಿ, ಮರುದಿನ ಅದೇ ಚಿತ್ರಗಳ ಕನ್ನಡ ಪುಸ್ತಕವನ್ನು ಕೈಗಿಟ್ಟರೆ, ಕತೆ ಏನೆಂದು ಹುಡುಕುವ ಕೆಲಸ ಮುಗಿದಿರುತ್ತದೆ, ಮಗು ತನ್ನ ಪೂರ್ತಿ ಗಮನವನ್ನು ಅಕ್ಷರಗಳ ಮೇಲೆ ಇಡಬಹುದು.